ಐಸ್ ಪ್ಲಾಂಟಿನ ರಿಜಿಸ್ಟರು

ಜೂನ್ ಒಂದಕ್ಕೆ ಬೈತಖೋಲದ ಬೋಟುಗಳೆಲ್ಲ
ಹೊಟ್ಟೆಗೆ ಹೊಟ್ಟೆ ತಾಗಿಸಿ ನಿಂತವು.
ನಮ್ಮ ಐಸ್ ಪ್ಲಾಂಟಿನ ಕಂಪ್ರೆಸರ್ ಬಾಯಿ ಮುಚ್ಚಿತು.
ನಾನು ಅಲ್ಲಿಯ ಗುಮಾಸ್ತ. ಬಂದ್ ಮುಗಿಯುವ ತನಕ
ಬರೆಯಲು ಏನೂ ಇಲ್ಲ, ಸಂಬಳವೂ ಅರ್ಧ.

ಲಾದ್ರು ಬಂದು ಕೇಳಿದ: ಕೀಲಿ ಕೊಡ್ತೀಯಾ?
ಡೀಸೆಲ್ ಪಂಪು ಬಿಚ್ಚುವ ಕೈ, ಉಗುರಿನ ಸುತ್ತ ಕರಿ,
ಹೆಗಲಿಗೆ ಮಡಗಾಂವಿನ ಸೆಕೆಂಡ್‌ಹ್ಯಾಂಡ್ ಗಿಟಾರು.
ಹಿಂದೆ ಟೆಂಪೋದಲ್ಲಿ ಡ್ರಮ್ಮು, ಡ್ರಮ್ಮಿನ ಮೇಲೆ ಪುಂಡಲೀಕ ತಾಂಡೇಲ,
ಬೇಸ್ ಹಿಡಿದ ಉಷಾ ಬಾಡಕರ, ಹಗಲು ವಿಮಾ ಕಚೇರಿ, ರಾತ್ರಿ ಇದು.
ಹತ್ತು ವರ್ಷ ಆರತಕ್ಷತೆಗಳಲ್ಲಿ
ಬೇರೆಯವರ ಹಾಡು ಬಾರಿಸಿ ಊಟ ಮಾಡಿದವರು.
ಸ್ವಂತದ್ದು ಎಂದರೆ ಮೂರು,
ಅದರಲ್ಲೂ ಒಂದು ಕದ್ದದ್ದು, ಲಾದ್ರುವೇ ಹೇಳುತ್ತಿದ್ದ.

ಜೂನ್ ಆರು: ಒಂದು ಹಾಡು.
ಏಳು: ಇನ್ನೊಂದು.
ಎಂಟಕ್ಕೆ ಎರಡು, ಎರಡನೆಯದು ಚಹಾ ಆರುವುದರೊಳಗೆ.
ಕೈ ಸುಮ್ಮನಿರಲಿಲ್ಲ, ರಿಜಿಸ್ಟರು ತೆರೆದೆ.
ಬೋಟಿನ ಹೆಸರಿನ ಕಾಲಮ್ಮಿನಲ್ಲಿ ಹಾಡಿನ ಹೆಸರು,
ಎಷ್ಟು ಬ್ಲಾಕು ಎಂಬಲ್ಲಿ ಎಷ್ಟು ನಿಮಿಷ,
ಬಾಕಿ ಎಂಬಲ್ಲಿ: ಕೊನೆಯ ಸಾಲು.

ಕಾಳಿ ಸೇತುವೆಯ ಮೇಲೆ ಕೆಟ್ಟುನಿಂತ ಗೋವಾ ಬಸ್ಸಿನ ಮೇಲೆ ಒಂದು,
ಅರ್ಗಾದಲ್ಲಿ ಈಗ ನೌಕಾನೆಲೆಯ ತಂತಿಬೇಲಿಯೊಳಗಿರುವ
ಅವನ ಅಜ್ಜಿಯ ಬಾವಿಯ ಮೇಲೆ ಒಂದು,
ಏನೂ ಅಲ್ಲದ್ದರ ಮೇಲೆ ಒಂದು. ಅದು ಎಲ್ಲಕ್ಕಿಂತ ಚೆಂದ.

ಬಂಗಡೆ ರಾಶಿ ಬಂದ ಹಾಗೆ ಬರ್ತಾ ಉಂಟಲ್ಲೋ, ಎಂದ ಪುಂಡಲೀಕ,
ಏಂಡಿ ಬಲೆ ಎಳೆದವರ ಮೊಮ್ಮಗ, ಅವನಿಗೆ ಎಲ್ಲವೂ ಮೀನೇ.
ಲಾದ್ರು ತಲೆ ಎತ್ತಲಿಲ್ಲ:
ಮೀನು ಹೊರಗಿಂದ ಬರೋದು.
ಇದು ಒಳಗಡೆ ವಾಷರ್ ಹೋಗಿದೆ, ಅಷ್ಟೇ.
ಯಾರಾದ್ರೂ ಬಿಗಿ ಮಾಡೋ ತನಕ ಸೋರ್ತದೆ.

ಹತ್ತನೆಯದಾದ ಮೇಲೆ
ನಾವು ದನಿ ತಗ್ಗಿಸಿ ಮಾತಾಡತೊಡಗಿದೆವು,
ಮಗು ಮಲಗಿದ ಮನೆಯ ಹಾಗೆ.
ಪುಂಡಲೀಕ ಅದೇ ಬನಿಯನ್ನು ಒಗೆಯದೆ ಹಾಕಿದ.
ಉಷಾ ತುಕ್ಕು ಹಿಡಿದ ತಂತಿ ಬದಲಿಸಲಿಲ್ಲ.
ನನ್ನ ಫೋನು ತುಂಬಿತು. ಹನ್ನೆರಡನೆಯದಕ್ಕೆ ಜಾಗ ಮಾಡಲು
ತಂಗಿಯ ನಿಶ್ಚಿತಾರ್ಥದ ಫೋಟೋ ಅಳಿಸಿದೆ,
ಹದಿನಾಲ್ಕಕ್ಕೆ, ತಂಗಿಯ ಮದುವೆ.
ಇವತ್ತಿಗೂ ಅವಳಿಗೆ ಹೇಳಿಲ್ಲ.

ಬರುವಾಗ ಅವನು ಖುಷಿಯಲ್ಲಿದ್ದನೆಂದು ತಿಳಿಯಬೇಡಿ.
ಜ್ವರ ಬಂದವನ ಹಾಗೆ ಗೋಡೆಗೆ ಒರಗಿರುತ್ತಿದ್ದ.
ಅಮ್ಮ ಕಳಿಸಿದ ಪೇಜ, ಒಣ ಸುಂಗಟೆ
ಡಬ್ಬಿಯಲ್ಲೇ ಹುಳಿಯುತ್ತಿದ್ದವು.
ಒಂದು ರಾತ್ರಿ, ಹದಿನೇಳೋ ಹದಿನೆಂಟೋ,
ಸಾಕು ಮಾರಾಯಾ, ಎಂದ. ಯಾರಿಗೆ ಅಂದನೋ.

ಜುಲೈ ಇಪ್ಪತ್ತೊಂಬತ್ತಕ್ಕೆ ಧಣಿ ಕಂಪ್ರೆಸರ್ ಹಾಕಿಸಿದರು,
ಬೋಟುಗಳಿಗೆ ಐಸ್ ಬೇಕಲ್ಲ.
ಗೋಡೆ, ನೆಲ, ನಮ್ಮ ಹಲ್ಲು, ಎಲ್ಲ ಒಂದೇ ಶ್ರುತಿಯಲ್ಲಿ ಗುಂಯ್ ಎಂದವು:
ಕರಿ ಎರಡಕ್ಕಿಂತ ಕೂದಲೆಳೆ ಕೆಳಗೆ.
ನಾವು ಗಂಟು ಕಟ್ಟಬೇಕು ಎಂದುಕೊಳ್ಳುವಾಗ
ಲಾದ್ರು ಗಿಟಾರಿನ ಕಿವಿ ತಿರುವಿ
ಆರೂ ತಂತಿ ಆ ಯಂತ್ರಕ್ಕೆ ಇಳಿಸಿದ.
ಉಷಾ ಇಳಿಸಿದಳು.
ಹತ್ತೊಂಬತ್ತನೆಯದು.
ಅದು ಎಲ್ಲಿ ಶುರುವಾಯಿತು, ಕಂಪ್ರೆಸರ್ ಎಲ್ಲಿ ಮುಗಿಯಿತು,
ಫೋನಿನಲ್ಲಿ ಈಗಲೂ ಗೊತ್ತಾಗುವುದಿಲ್ಲ.

ಆಗಸ್ಟ್ ಒಂದಕ್ಕೆ ಪುಂಡಲೀಕ ಬೋಟು ಹತ್ತಿದ.
ಆಮೇಲೆ ಆರು ವರ್ಷದಲ್ಲಿ ಲಾದ್ರು ಕಟ್ಟಿದ್ದು ಎರಡು ಹಾಡು,
ಎರಡೂ ಅಡ್ಡಿಯಿಲ್ಲ.
ನನ್ನ ಸ್ಕೂಟರು ರಿಪೇರಿ ಮಾಡಿಕೊಡುತ್ತಾನೆ,
ದುಡ್ಡಿನಲ್ಲಿ ಕಡಿಮೆ ಮಾಡುವುದಿಲ್ಲ.

ಮೊನ್ನೆ ಹಳೇ ಕಡತ ಕೆದಕಲು ಮೀನುಗಾರಿಕೆ ಇಲಾಖೆಯವನು ಬಂದ,
ಕನ್ನಡಕ ಹಣೆಗೇರಿಸಿ ಬೆರಳಿಟ್ಟ:
ಬಂದ್ ಇದ್ದಾಗ ಇಲ್ಲಿಂದ ಐಸ್ ಒಯ್ದ ಈ ಬೋಟುಗಳು ಯಾವುವು?
'ಅಜ್ಜಿಯ ಬಾವಿ' ಯಾರ ಹೆಸರಲ್ಲಿದೆ?
ಹೋದದ್ದು ಹೌದಾ?

ಹೋದದ್ದು ಹೌದು, ಎಂದೆ.
ಸಹಿ ಹಾಕಿಸಿಕೊಂಡ.
ದಂಡ ನನ್ನ ಸಂಬಳದಲ್ಲಿ ಮುರಿದರು, ಹದಿನೆಂಟಕ್ಕೆ.
ಕೊನೆಯದರ ಮುಂದೆ ನಾನು ಏನೂ ತುಂಬಿರಲಿಲ್ಲ,
ನಿಮಿಷವೂ ಇಲ್ಲ, ಬಾಕಿಯೂ ಇಲ್ಲ.
ಅದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.